ಒಂದು ಕ್ಯಾಮೆರಾ, ಮೂರು ಟಿವಿ: ಮಲ್ಟಿಕಾಸ್ಟ್ ಹೇಗೆ ಮಾಡುವುದು?

ಮನೆಯ ಕಾರ್ಯಕ್ರಮವನ್ನು ಮೂರು ಟಿವಿಯಲ್ಲಿ ಒಟ್ಟಿಗೆ ತೋರಿಸಲು ಮಲ್ಟಿಕಾಸ್ಟ್ (ಚಿತ್ರದ ಒಂದೇ ಪ್ರತಿ ಕಳಿಸಿ, ಬೇಕಾದ ಟಿವಿಗಳೆಲ್ಲ ಅದನ್ನೇ ಪಡೆಯುವುದು) ಹೇಗೆ ಅಂತ ಕೇಳಿದ್ದೀರಿ. ಮಾಡಲೇಬೇಡಿ. ನಾನು ಮಾಡಿ ಅಜ್ಜಿಯ ಹುತ್ತರಿ ಕೆಡಿಸಿದವನು.

ನಮ್ಮದು ಮಡಿಕೇರಿ ಕಡೆ. ಅಜ್ಜಿಗೆ ಮಂಡಿನೋವು, ಗದ್ದೆಗೆ ಇಳಿಯಲು ಆಗುವುದಿಲ್ಲ. ಕದಿರು ಕೊಯ್ಯುವುದನ್ನು ಟಿವಿಯಲ್ಲೇ ನೋಡಲಿ ಅಂತ ಗದ್ದೆ ಬದುವಿನಲ್ಲಿ ಕ್ಯಾಮೆರಾ ಇಟ್ಟೆ. ಅದರ ಎಚ್‌ಡಿಎಂಐ ತಂತಿ ಎನ್‌ಕೋಡರ್‌ಗೆ (ಚಿತ್ರವನ್ನು ಹಿಂಡಿ ನೆಟ್‌ವರ್ಕ್‌ಗೆ ಬಿಡುವ ಡಬ್ಬಿ), ಅಲ್ಲಿಂದ 80 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಮನೆಯ ನೆಟ್‌ವರ್ಕ್ ಸ್ವಿಚ್‌ಗೆ. (100 ದಾಟಿಸಬೇಡಿ.) ಎಚ್‌ಡಿಎಂಐನಲ್ಲಿ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಬರುವ 1080ಪಿ ಚಿತ್ರವನ್ನು ಎನ್‌ಕೋಡರ್ ಎಚ್.264 ವಿಧಾನದಲ್ಲಿ ಹಿಂಡಿ 8 ಮೆಗಾಬಿಟ್‌ಗೆ ಇಳಿಸುತ್ತಿತ್ತು. ಹಿಂದಿನ ದಿನ ಕೇಬಲ್‌ನಲ್ಲಿ ನೋಡಿದಾಗ ಮೂರೂ ಟಿವಿ ಸಲೀಸಾಗಿ ಓಡಿದವು.

ಹಬ್ಬದ ಸಂಜೆ ಮನೆ ತುಂಬ ನೆಂಟರು. ಅಜ್ಜಿಯ ಟಿವಿಯನ್ನು ಜಗಲಿಗೆ ತಂದು ವೈಫೈಗೆ ಹಾಕಿದೆ. ಅದೇ ಸ್ವಿಚ್‌ಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ (ವೈಫೈ ಬಿಡುವ ಡಬ್ಬಿ) ಸಿಕ್ಕಿಸಿದೆ. ಕೆಟ್ಟಿದ್ದು ಅಲ್ಲೇ.

ಮಲ್ಟಿಕಾಸ್ಟ್ ಯಾರಿಗೆ ಬೇಕು ಅಂತ ಸ್ವಿಚ್‌ಗೆ ತಿಳಿಯಬೇಕಾದರೆ ಅದರಲ್ಲಿ ಐಜಿಎಂಪಿ ಸ್ನೂಪಿಂಗ್ ಇರಬೇಕು. ನನ್ನ ಅಗ್ಗದ ಸ್ವಿಚ್‌ನಲ್ಲಿ ಇರಲಿಲ್ಲ. ಬಂದದ್ದನ್ನೆಲ್ಲ ಎಲ್ಲ ಪೋರ್ಟಿಗೂ ಸುರಿಯಿತು, ಆಕ್ಸೆಸ್ ಪಾಯಿಂಟ್‌ಗೂ. ವೈಫೈ ಮಲ್ಟಿಕಾಸ್ಟ್ ಅನ್ನು ಸಾಮಾನ್ಯವಾಗಿ ಅತಿ ಕಡಿಮೆ ವೇಗದಲ್ಲಿ ಬಿಡುತ್ತದೆ, 1 ಅಥವಾ 6 ಮೆಗಾಬಿಟ್. ದೂರದ ಫೋನಿಗೂ ಮುಟ್ಟಲಿ ಅಂತ. ಕಳೆದುಹೋದದ್ದನ್ನು ಮತ್ತೆ ಕಳಿಸುವುದೂ ಇಲ್ಲ. ಅದರಲ್ಲಿ ನನ್ನ 8 ಮೆಗಾಬಿಟ್ ಹೋಗುವುದಾದರೂ ಹೇಗೆ? ಸ್ನೂಪಿಂಗ್ ಇದ್ದಿದ್ದರೂ ಅಷ್ಟೇ. ಜಗಲಿಯ ಟಿವಿ ನನಗೆ ಬೇಕು ಅಂತ ಕೇಳುತ್ತಿತ್ತಲ್ವಾ, ಗಾಳಿಗೆ ಬಿಡಲೇಬೇಕಿತ್ತು.

ಗದ್ದೆಯಿಂದ ಕೋವಿ ಸದ್ದು ಬಂತು. ‘ಪೊಲಿ ಪೊಲಿ ದೇವಾ’ ಕೂಗೂ ಬಂತು. ಟಿವಿಯಲ್ಲಿ ಭಾವನ ಅರ್ಧ ಮುಖ, ಉಳಿದದ್ದು ಹಸಿರು ಚೌಕ. ನೆಂಟರ ವಾಟ್ಸಾಪ್ ಕೂಡ ನಿಂತಿತ್ತು. ಅಜ್ಜಿ ಏನೂ ಅನ್ನಲಿಲ್ಲ, ಎದ್ದು ಒಳಗೆ ಹೋದರು.

ಮಲ್ಟಿಕಾಸ್ಟ್ ನೂರು ಕೋಣೆಯ ಹೋಟೆಲಿಗೆ ಸರಿ. ಮೂರು ಟಿವಿಗೆ ಬೇರೆ ಬೇರೆಯಾಗಿ ಕಳಿಸಿದರೂ 24 ಮೆಗಾಬಿಟ್, ಗಿಗಾಬಿಟ್ ಸ್ವಿಚ್‌ಗೆ ಅದು ಲೆಕ್ಕಕ್ಕೇ ಇಲ್ಲ. ಹಾಗೆ ಕಳಿಸಲು ಎನ್‌ಕೋಡರ್‌ನ ಆರ್‌ಟಿಎಸ್‌ಪಿ ವಿಳಾಸವನ್ನು (rtsp:// ಅಂತ ಶುರುವಾಗುವ ಲಿಂಕ್) ಟಿವಿಯ ವಿಎಲ್‌ಸಿ ಆ್ಯಪ್‌ನಲ್ಲಿ ಹಾಕಿ, ಸಾಕು. ಟಿವಿಗೆ ಕೇಬಲ್ಲೇ ಎಳೆಯಿರಿ. ಕ್ಯಾಮೆರಾ, ಮೂರೂ ಟಿವಿ ಅಕ್ಕಪಕ್ಕದ ಕೋಣೆಯಲ್ಲಿದ್ದರೆ ಎನ್‌ಕೋಡರೂ ದಂಡ, ಒಂದು ಎಚ್‌ಡಿಎಂಐಯನ್ನು ಮೂರಾಗಿ ಕವಲೊಡೆಸುವ ಸ್ಪ್ಲಿಟರ್ ತನ್ನಿ. ಹೊರಗೆ ಎಳೆದ ಕೇಬಲನ್ನು ಹಬ್ಬ ಮುಗಿದ ಮೇಲೆ ಸುತ್ತಿಡಿ. ಏಪ್ರಿಲ್ ಮಳೆಯ ಸಿಡಿಲು ಅದರಲ್ಲೇ ಮನೆಯೊಳಗೆ ಬರುತ್ತದೆ.

ಮರುವರ್ಷ ಹಾಗೇ ಮಾಡಿದೆ. ಚಿತ್ರ ಎರಡು ಸೆಕೆಂಡ್ ತಡ, ಅದಕ್ಕೆ ಅಜ್ಜಿಗೆ ಕೋವಿ ಎರಡು ಸಲ ಕೇಳಿಸಿತು. ಟಿವಿ ಸೌಂಡ್ ಕಮ್ಮಿ ಮಾಡಲು ಹೋದರೆ ಬಿಡಲಿಲ್ಲ.