34ಕ್ಕೇ ಮೊಣಕಾಲು ಸವೆತ ಯಾಕೆ? ಚನ್ನಗಿರಿ ಅಣ್ಣನ ಪ್ರಶ್ನೆಗೆ ಉತ್ತರ

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ. ಒಂಬತ್ತು ವರ್ಷದ ಹಿಂದೆ ತೋಟದ ಬಸಿಗಾಲುವೆಗೆ ಜಾರಿ ಮೊಣಕಾಲು ತಿರುಚಿತ್ತು. ಎಸಿಎಲ್ ಲಿಗಮೆಂಟ್ (ಮೊಣಕಾಲೊಳಗೆ ತೊಡೆ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಗಟ್ಟಿ ಪಟ್ಟಿ) ಹರಿದಿದೆ ಅಂದಿದ್ದರು. ಕಟ್ಟು ಹಾಕಿಸಿಕೊಂಡು ಎರಡು ತಿಂಗಳಲ್ಲಿ ಓಡಾಡಿದಿರಿ. ಈಗ 34ನೇ ವಯಸ್ಸಿಗೆ ಎಕ್ಸ್‌ರೇ ತೆಗೆಸಿದರೆ ಸವೆತ ಅಂತಾರೆ. ‘ಅಜ್ಜಂದಿರಿಗೆ ಬರೋದು ನನಗ್ಯಾಕೆ ಬಂತು, ದೋಟಿ (ಅಡಿಕೆ ಕೊಯ್ಯುವ ಉದ್ದ ಕೋಲು) ಹಿಡಿಯೋದು ಬಿಡಬೇಕಾ, ಆನ್‌ಲೈನಲ್ಲಿ ಬರೋ ಪುಡಿ ತರಿಸಲಾ’ ಅಂತ ಕೇಳಿದ್ದೀರಿ. ನನ್ನದೂ ಸ್ವಲ್ಪ ಅಡಿಕೆ ತೋಟ ಇದೆ, ದಾವಣಗೆರೆಯಲ್ಲಿ ಫಿಸಿಯೋಥೆರಪಿ ಕೆಲಸ. ಉತ್ತರ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ಉಜ್ಜಿ ಉಜ್ಜಿ ಕೀಲು ಸವೆಯುತ್ತೆ ಅಂತ ಎಲ್ಲರೂ ತಿಳಿದಿದ್ದಾರೆ. ಅಷ್ಟೇ ಆಗಿದ್ದರೆ ನಿಮ್ಮ ಇನ್ನೊಂದು ಕಾಲೂ ಸವೆಯಬೇಕಿತ್ತು, ಅಲ್ವಾ? ಎರಡೂ ಕಾಲು ಅದೇ ತೋಟದಲ್ಲಿ ಅಷ್ಟೇ ನಡೆದಿವೆ. ಹಾಳಾಗಿದ್ದು ಪೆಟ್ಟು ಬಿದ್ದದ್ದು ಮಾತ್ರ.

ಮಟನ್ ಅಂಗಡಿಯಲ್ಲಿ ಕುರಿ ಕಾಲಿನ ಕೀಲು ಬಿಡಿಸುವಾಗ ಒಮ್ಮೆ ಗಮನಿಸಿ. ಮೂಳೆ ತುದಿಯಲ್ಲಿ ಬೆಳ್ಳಗೆ, ಸ್ವಲ್ಪ ನೀಲಿ ಛಾಯೆಯಲ್ಲಿ ಹೊಳೆಯುವ ಪದರ ಇರುತ್ತದೆ. ಬೆರಳಿಟ್ಟರೆ ಜಾರುತ್ತದೆ, ಉಗುರಿನಿಂದ ಒತ್ತಿದರೆ ಕೊಂಚ ತಗ್ಗಿ ಮತ್ತೆ ಮೇಲೆ ಬರುತ್ತದೆ. ಅದೇ ಕಾರ್ಟಿಲೇಜ್. ನಮ್ಮ ಮೊಣಕಾಲಲ್ಲಿ ಹೆಚ್ಚಿನ ಕಡೆ ಅದರ ದಪ್ಪ 2ರಿಂದ 4 ಮಿಲಿಮೀಟರ್ ಅಷ್ಟೇ. ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ. ಆ ನೀರನ್ನು ಹಿಡಿದಿಡೋದು ಅಗ್ರೆಕ್ಯಾನ್ ಅನ್ನುವ ವಸ್ತು. ಅದು ಉಬ್ಬಿ ಹೋಗದಂತೆ ಬಿಗಿದಿಡೋದು ಕೊಲಾಜನ್ ಎಳೆಗಳ ಬಲೆ. ಎರಡನ್ನೂ ತಯಾರಿಸಿ ನೋಡಿಕೊಳ್ಳೋದು ಒಳಗೆ ಅಲ್ಲೊಂದು ಇಲ್ಲೊಂದು ಕೂತಿರುವ ಕಾಂಡ್ರೋಸೈಟ್ ಎಂಬ ಜೀವಕೋಶಗಳು. ಈ ಕೋಶಗಳಿರುವ ಜಾಗಕ್ಕೆ ರಕ್ತನಾಳ ಇಲ್ಲ, ನರವೂ ಇಲ್ಲ. ಊಟ ಬರೋದು ಕೀಲಿನೊಳಗಿನ ದ್ರವದಿಂದ. ಹೆಜ್ಜೆ ಊರಿದಾಗ ಸ್ಪಂಜು ಹಿಂಡಿದ ಹಾಗೆ ದ್ರವ ಹೊರಗೆ ಹೋಗುತ್ತದೆ, ಕಾಲೆತ್ತಿದಾಗ ಒಳಗೆ ಬರುತ್ತದೆ.

ಈಗ ಕಾಲುವೆಗೆ ಜಾರಿದ ದಿನಕ್ಕೆ ಬರೋಣ. ಲಿಗಮೆಂಟ್ ಹರಿಯುವಷ್ಟು ಜೋರಾಗಿ ತಿರುಚಿದಾಗ ತೊಡೆ ಮೂಳೆ ಕೆಳಗಿನ ಮೂಳೆಗೆ ಬಡಿಯುತ್ತದೆ. ಆ ಪೆಟ್ಟಿಗೆ ಒಂದಷ್ಟು ಕೋಶಗಳು ಅಲ್ಲೇ ಸಾಯುತ್ತವೆ, ಇನ್ನೊಂದಷ್ಟು ಮುಂದಿನ ಕೆಲವು ದಿನಗಳಲ್ಲಿ ಸಾಯುತ್ತವೆ. ಆಮೇಲಿನ ತೊಂದರೆ ಬದುಕುಳಿದವುಗಳದ್ದು. ಕೀಲೊಳಗೆ ರಕ್ತ ಸೋರಿ ಊದಿಕೊಂಡಿರುತ್ತದೆ. ಐಎಲ್-1, ಟಿಎನ್‌ಎಫ್ ಅನ್ನುವ ಉರಿಯೂತದ ಸಂದೇಶಗಳು ಬರುತ್ತಲೇ ಇರುತ್ತವೆ. ಕೆರಳಿದ ಕೋಶ ಒಂದು ಕಡೆ ರಿಪೇರಿಗೆ ಇಳಿಯುತ್ತದೆ: ಎರಡು ನಾಲ್ಕಾಗಿ ಗುಂಪು ಕಟ್ಟುತ್ತದೆ, ಅಗ್ರೆಕ್ಯಾನ್ ಜಾಸ್ತಿ ತಯಾರಿಸುತ್ತದೆ. ಅದೇ ಹೊತ್ತಿಗೆ ತನ್ನ ಸುತ್ತಲಿನದನ್ನೇ ಕತ್ತರಿಸುವ ಕಿಣ್ವಗಳನ್ನೂ ಬಿಡುತ್ತದೆ. ಅಡಾಮ್‌ಟಿಎಸ್-5 ಅನ್ನೋದು ಅಗ್ರೆಕ್ಯಾನ್ ಕತ್ತರಿಸುತ್ತೆ, ಎಂಎಂಪಿ-13 ಅನ್ನೋದು ಕೊಲಾಜನ್ ಕತ್ತರಿಸುತ್ತೆ. ಅಗ್ರೆಕ್ಯಾನ್ ಹೋದರೆ ಮತ್ತೆ ತುಂಬಿಕೊಳ್ಳಬಹುದು. ಕೊಲಾಜನ್ ಹಾಗಲ್ಲ. ಬೆಳವಣಿಗೆ ಮುಗಿದ ಮೇಲೆ ಆ ಬಲೆ ಹೊಸದಾಗಿ ಹುಟ್ಟೋದು ಇಲ್ಲ ಅನ್ನುವಷ್ಟು ಕಮ್ಮಿ. ವಿಲಿಯಂ ಹಂಟರ್ ಅನ್ನುವ ಸ್ಕಾಟ್ಲೆಂಡಿನ ವೈದ್ಯ 1743ರಲ್ಲೇ ಬರೆದಿಟ್ಟಿದ್ದ, ಕಾರ್ಟಿಲೇಜ್ ಒಮ್ಮೆ ಹಾಳಾದರೆ ಸರಿಹೋಗೋದಿಲ್ಲ ಅಂತ. ಇವತ್ತಿಗೂ ಆ ಮಾತು ಹೆಚ್ಚುಕಮ್ಮಿ ಹಾಗೇ ನಿಂತಿದೆ.

ವರ್ಷಗಟ್ಟಲೆ ಹೀಗೇ ನಡೆದರೆ ಕೋಶದ ಸ್ವಭಾವವೇ ಬದಲಾಗುತ್ತದೆ. ಮಕ್ಕಳು ಬೆಳೆಯುವಾಗ ಮೂಳೆ ತುದಿಯ ಕಾರ್ಟಿಲೇಜ್ ಕೋಶಗಳು ದಪ್ಪಗಾಗಿ, ಸುತ್ತ ಸುಣ್ಣ ಕೂರಿಸಿ, ಮೂಳೆಗೆ ಜಾಗ ಬಿಡುತ್ತವೆ. ದೊಡ್ಡವರ ಕೀಲಲ್ಲಿ ನಡೆಯಬಾರದ ಕೆಲಸ ಅದು, ಆದರೆ ಪೆಟ್ಟು ತಿಂದ ಕೀಲಲ್ಲಿ ಮತ್ತೆ ಶುರುವಾಗುತ್ತೆ. ಅಂಚಿನಲ್ಲಿ ಮೂಳೆ ಮುಳ್ಳಿನ ಹಾಗೆ ಬೆಳೆಯುತ್ತೆ, ಸಂದು ಕಿರಿದಾಗುತ್ತೆ. ಎಕ್ಸ್‌ರೇಯಲ್ಲಿ ಮುಖ್ಯವಾಗಿ ಕಾಣೋದು ಇವೆರಡು, ಕಾರ್ಟಿಲೇಜ್ ಅದರಲ್ಲಿ ಕಾಣಲ್ಲ. ನರ ಇಲ್ಲದ್ದರಿಂದ ಕಾರ್ಟಿಲೇಜ್ ಹಾಳಾಗುವಾಗ ನೋವೂ ಗೊತ್ತಾಗಲ್ಲ. ಕೆಳಗಿನ ಮೂಳೆಗೆ, ಕೀಲಿನ ಒಳಪೊರೆಗೆ ಬಿಸಿ ಮುಟ್ಟಿದ ಮೇಲೆಯೇ ನೋವು. ನಡುವಿನ ವರ್ಷಗಳಲ್ಲಿ ನೀವು ಆರಾಮಾಗಿದ್ದದ್ದು ಇದಕ್ಕೇ. ಎಸಿಎಲ್ ಅಥವಾ ಮೆನಿಸ್ಕಸ್ (ಮೊಣಕಾಲಿನ ಎರಡು ಮೂಳೆಗಳ ನಡುವಿನ ಮೆತ್ತೆ) ಹರಿದವರಲ್ಲಿ ಸುಮಾರು ಅರ್ಧ ಜನಕ್ಕೆ 10ರಿಂದ 20 ವರ್ಷದೊಳಗೆ ಈ ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲು ಸವೆತ, ಬರುತ್ತದೆ. ನಿಮ್ಮದೇನು ಶಾಪ ಅಲ್ಲ ಬಿಡಿ.

ಕೋಶಗಳ ಈ ಕೆರಳಾಟ ನಿಲ್ಲಿಸುವ ಮಾತ್ರೆ ಇನ್ನೂ ಬಂದಿಲ್ಲ. ಹಾಗಂತ ಮಂಚ ಹಿಡಿಯಬೇಡಿ. ಅದು ಎಲ್ಲಕ್ಕಿಂತ ಕೆಟ್ಟದ್ದು. ಭಾರ ಬಿದ್ದು ಬಿಡದಿದ್ದರೆ ಕೋಶಕ್ಕೆ ಊಟವೇ ಇಲ್ಲ, ಪದರ ಇನ್ನೂ ತೆಳುವಾಗುತ್ತೆ. ಹದವಾದ, ಒಂದೇ ಸಮನಾದ ಭಾರ ಬೇಕು. ನಡಿಗೆ ಒಳ್ಳೆಯದು, ಸೈಕಲ್ ಇನ್ನೂ ಒಳ್ಳೆಯದು.

ತೊಡೆ ಮುಂಭಾಗದ ಸ್ನಾಯು ಗಟ್ಟಿ ಮಾಡೋದು ಮುಖ್ಯ. ಎರಡೂ ತೊಡೆ ಕೈಯಲ್ಲಿ ಹಿಡಿದು ನೋಡಿ, ಪೆಟ್ಟಾದ ಕಡೆ ಸಣ್ಣಗಿರುತ್ತೆ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ, ಮೊಣಕಾಲು ಚಿಪ್ಪನ್ನು ಮೇಲಕ್ಕೆ ಎಳೆದ ಹಾಗೆ ಬಿಗಿ ಮಾಡಿ, ಹತ್ತು ಎಣಿಸಿ ಇಳಿಸಿ. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ರೂಢಿಯಾದ ಮೇಲೆ ಕೈ ಊರದೆ ಕುರ್ಚಿಯಿಂದ ನಿಧಾನವಾಗಿ ಏಳೋದು, ಕೂರೋದು. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ನೋವು ಜಾಸ್ತಿಯಾಗಿದ್ದರೆ ಅಥವಾ ಊದಿದ್ದರೆ ಕಮ್ಮಿ ಮಾಡಿ.

ದೋಟಿ ಬಿಡೋದು ಬೇಡ. ಆದರೆ ಕತ್ತು ಮೇಲೆತ್ತಿ ಅಡಿಕೆ ಗೊನೆಗೆ ಕತ್ತಿ ಸಿಕ್ಕಿಸುವಾಗ, ಪಾದ ಊರಿದ ಜಾಗದಲ್ಲೇ ಇಟ್ಟು ಮೈ ತಿರುಗಿಸ್ತೀವಲ್ಲ, ಅದು ಬೇಡ. ಎಸಿಎಲ್ ಇಲ್ಲದ ಮೊಣಕಾಲು ಜಾರೋದೇ ಆ ತಿರುವಿನಲ್ಲಿ. ಪಾದ ಎತ್ತಿಟ್ಟು ತಿರುಗಿ. ಉದುರು ಅಡಿಕೆ ಆರಿಸುವಾಗ ಕುಕ್ಕರಗಾಲಲ್ಲಿ ಕೂರಬೇಡಿ, ಒಂದು ಗಿಡ್ಡ ಸ್ಟೂಲ್ ಇಟ್ಟುಕೊಳ್ಳಿ. 16 ಲೀಟರ್ ಸ್ಪ್ರೇಯರ್ ಪೂರ್ತಿ ತುಂಬಿ ಬೆನ್ನಿಗೆ ಹಾಕೋ ಬದಲು ಅರ್ಧ ತುಂಬಿಸಿ ಎರಡು ಸಲ ಹೋಗಿ. ಮೈತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತೆ. (ದಾವಣಗೆರೆಯಲ್ಲಿ ಕೂತು ಬೆಣ್ಣೆ ದೋಸೆ ಬಿಡಿ ಅನ್ನೋಕೆ ನನಗೂ ಬಾಯಿ ಬರಲ್ಲ. ಎರಡರ ಬದಲು ಒಂದು ತಿನ್ನಿ.)

ಪುಡಿ ವಿಷಯ. ಇಂಥ ಪುಡಿಗಳಲ್ಲಿ ಸಾಮಾನ್ಯವಾಗಿ ಇರೋ ಗ್ಲುಕೋಸಮೀನ್ ಬಗ್ಗೆ ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಒಟ್ಟಾರೆ ನೋಡಿದರೆ ಅದಕ್ಕೂ ಸುಮ್ನೆ ಕೊಟ್ಟ ಡಮ್ಮಿ ಮಾತ್ರೆಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಆ ದುಡ್ಡಿಗೆ ತೋಟಕ್ಕೆ ಗೊಬ್ಬರ ಹಾಕಿಸಿ. ಸ್ಟಿರಾಯ್ಡ್ ಇಂಜೆಕ್ಷನ್ ತೀರಾ ನೋವಿದ್ದಾಗ ಕೆಲವು ವಾರ ಆರಾಮ ಕೊಡುತ್ತೆ. ಆದರೆ ಮೂರು ತಿಂಗಳಿಗೊಂದರಂತೆ ಎರಡು ವರ್ಷ ಕೊಟ್ಟು ನೋಡಿದ ಅಧ್ಯಯನ 2017ರಲ್ಲಿ ಬಂತು. ಬರೀ ಉಪ್ಪು ನೀರು ಚುಚ್ಚಿಸಿಕೊಂಡವರಿಗಿಂತ ಅವರ ಕಾರ್ಟಿಲೇಜ್ ಜಾಸ್ತಿ ತೆಳುವಾಗಿತ್ತು, ನೋವೇನೂ ಹೆಚ್ಚು ಕಮ್ಮಿಯಾಗಿರಲಿಲ್ಲ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ದಿನಾ ನುಂಗೋದೂ ಬೇಡ, ಹೊಟ್ಟೆಗೂ ಕಿಡ್ನಿಗೂ ಏಟು.

ಮೇಲಿನ ಕಾಮೆಂಟಿನಲ್ಲಿ ಜಗಳೂರಿನ ಅಕ್ಕ ‘ನಮ್ಮೂರಲ್ಲಿ ಪೆಟ್ಟೇ ಬೀಳದೆ ಎಲ್ಲರಿಗೂ ಕೀಲು ನೋವು’ ಅಂದಿದ್ದಾರೆ. ಅಕ್ಕಾ, ನಿಮ್ಮದು ಬೇರೆ ಕಥೆ ಇರಬಹುದು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಸೊಂಟ, ಕತ್ತು ಎಲ್ಲಾ ಬಿಗಿಯಾಗಿದ್ದರೆ ಮೊದಲು ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯೋಕೆ ಬೇಡ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ಆರ್‌ಓ ನೀರು ಕುಡಿಯಿರಿ.

ಅಣ್ಣಾ, ನಡೆಯುವಾಗ ಮೊಣಕಾಲು ಇದ್ದಕ್ಕಿದ್ದಂತೆ ಕೈಕೊಡುತ್ತಾ? ಮಡಚಿದ್ದು ಸಿಕ್ಕಿಹಾಕಿಕೊಳ್ಳುತ್ತಾ? ಹಾಗಿದ್ದರೆ ವ್ಯಾಯಾಮ ಶುರು ಮಾಡೋ ಮೊದಲು ಮೂಳೆ ಡಾಕ್ಟರನ್ನು ನೋಡಿ, ಲಿಗಮೆಂಟ್ ಆಪರೇಷನ್ ಬಗ್ಗೆ ಮಾತಾಡಬೇಕಾಗಬಹುದು. ಕೆಂಪಗೆ ಬಿಸಿಯಾಗಿ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಹಳೆ ಎಂಆರ್‌ಐ ರಿಪೋರ್ಟ್ ಇದ್ದರೆ ಹೆಸರು, ನಂಬರ್ ಮುಚ್ಚಿ ಇಲ್ಲೇ ಫೋಟೋ ಹಾಕಿ, ಮೆನಿಸ್ಕಸ್ ಬಗ್ಗೆ ಏನು ಬರೆದಿದ್ದಾರೆ ನೋಡಿ ಹೇಳ್ತೀನಿ.