ಪ್ರತಿಕ್ರಿಯೆ: ಜಿಯೋಫೋನ್‌ನಲ್ಲಿ ಕ್ವಾರಿ ಬ್ಲಾಸ್ಟ್ ಕಾಣುತ್ತಿಲ್ಲ, ಬರೀ ಅಲೆ
ನೆಲದ ಅದುರು ಹಿಡಿಯುವ ಸೆನ್ಸರ್ ಆದ ಜಿಯೋಫೋನ್ ಇಟ್ಟರೆ, ಪಂಪಿನ ಮೋಟರ್ ನಿಂತಿದ್ದರೂ ಲ್ಯಾಪ್‌ಟಾಪ್‌ನಲ್ಲಿ ಒಂದೇ ಸಮ ಅಲೆ ಬರುತ್ತದೆ, ಕ್ವಾರಿಯಲ್ಲಿ ಬ್ಲಾಸ್ಟ್ ಆದಾಗ ಏನೂ ಕಾಣುವುದಿಲ್ಲ ಅಂದಿದ್ದೀರಿ. ಅದು ನೆಲದ ಅದುರಲ್ಲ, ಕರೆಂಟಿನ 50 ಹರ್ಟ್ಸ್ ಗದ್ದಲ ಇರಬೇಕು. ಜಿಯೋಫೋನ್ ಒಳಗಿರುವುದು ಅಯಸ್ಕಾಂತ ಮತ್ತು ತಂತಿ ಸುರುಳಿ ಅಲ್ವಾ, ಪಂಪ್‌ಹೌಸ್ ವೈರಿಂಗ್ ಪಕ್ಕದಲ್ಲಿದ್ದರೆ ಸುರುಳಿ, ಕೇಬಲ್ ಎರಡೂ ಅದನ್ನು ಎಳೆದುಕೊಳ್ಳುತ್ತವೆ.

ಮೊದಲು ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನೋಡಿ. ಕರೆಂಟ್ ಹೋದಾಗ ಇನ್ನೊಮ್ಮೆ ನೋಡಿ. ಅಲೆ ಮಾಯವಾದರೆ ಕಾರಣ ಅದೇ. ಆಮೇಲೆ ಶೀಲ್ಡ್ (ತಂತಿಗಳ ಸುತ್ತ ಲೋಹದ ಹೊದಿಕೆ) ಇರುವ, ಒಂದಕ್ಕೊಂದು ಸುತ್ತಿದ ಜೋಡಿ ತಂತಿಯ ಕೇಬಲ್ ಹಾಕಿ. ಶೀಲ್ಡನ್ನು ಆಂಪ್ಲಿಫೈಯರ್ (ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಸರ್ಕ್ಯೂಟ್) ಕಡೆಯ ತುದಿಯಲ್ಲಿ ಮಾತ್ರ ಗ್ರೌಂಡಿಗೆ ಕೊಡಿ.

ಇನ್ನು ಜಾಗ. ಇದೇ ಮುಖ್ಯ. ಸಿಮೆಂಟ್ ನೆಲದ ಮೇಲೆ ಸುಮ್ನೆ ಇಟ್ಟರೆ ಆಗುವುದಿಲ್ಲ. ನಮ್ಮ ಚಿಕ್ಕಬಳ್ಳಾಪುರದ ಕಡೆ ಉತ್ತ ಹೊಲದ ಕೆಂಪು ಮಣ್ಣು ಮೇಲೆಲ್ಲಾ ಸಡಿಲ. ಪಂಪ್‌ಹೌಸಿನಿಂದ ದೂರ, ಬದುವಿನ ಹತ್ತಿರ ಮೊಳದಷ್ಟು ಅಗೆಯಿರಿ. ಗಟ್ಟಿ ನೆಲ ಸಿಕ್ಕ ಮೇಲೆ ಜಿಯೋಫೋನಿನ ಕೆಳಗಿನ ಮೊಳೆ ಪೂರ್ತಿ ಇಳಿಯುವಂತೆ ಒತ್ತಿ. ಕೈಯಲ್ಲಿ ಅಲ್ಲಾಡಿಸಿದರೆ ಕದಲಬಾರದು. ನೆಟ್ಟಗೆ ನಿಲ್ಲಬೇಕು, ವಾಲಿದರೆ ಸುರುಳಿ ಸರಿಯಾಗಿ ಆಡುವುದಿಲ್ಲ. ಮಣ್ಣು ಮುಚ್ಚಿದರೆ ಗಾಳಿಯ ಕಾಟವೂ ಕಡಿಮೆ.

ಆಂಪ್ಲಿಫೈಯರ್ ಯಾವುದೆಂದು ನೀವು ಬರೆದಿಲ್ಲ, ಹಾಗಾಗಿ ಇದು ನನ್ನ ಊಹೆ. ಜಿಯೋಫೋನನ್ನು ನೇರ ಆರ್ಡುಯಿನೋ ಊನೋ ಎಂಬ ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಕೊಟ್ಟಿದ್ದರೆ, ಅದು ಅಳೆಯುವ ಅತಿ ಚಿಕ್ಕ ಮೆಟ್ಟಿಲೇ ಸುಮಾರು 5 ಮಿಲಿವೋಲ್ಟ್. ದೂರದ ಬ್ಲಾಸ್ಟಿನ ಸಿಗ್ನಲ್ ಅದಕ್ಕಿಂತ ಚಿಕ್ಕದಿರಬಹುದು. ಮೈನಸ್ ಕಡೆಯ ಅಲೆಯಂತೂ ಸಿಗುವುದೇ ಇಲ್ಲ. ನಡುವೆ ಆಂಪ್ಲಿಫೈಯರ್ ಬೇಕೇ ಬೇಕು. ಸೆಕೆಂಡಿಗೆ ಕನಿಷ್ಠ 200 ಸಲ ಓದಿಸಿ.

ಬ್ಲಾಸ್ಟಿಗೆ ಕಾಯಬೇಡಿ. ಹತ್ತು ಹೆಜ್ಜೆ ದೂರದಲ್ಲಿ ಗುಂಡುಕಲ್ಲು ಎತ್ತಿಹಾಕಿ. ಚೂಪಾದ ಏರಿಳಿತ ಬಂದು ತಕ್ಷಣ ಅಡಗಿದರೆ ಸರಿಯಾಗಿದೆ.