ವಯಸ್ಸಾದ ಅಪ್ಪ-ಅಮ್ಮನ ಜೊತೆ ಎರಡು ದಿನ: ಇಕ್ಕೇರಿ, ಕೆಳದಿ, ಬಳ್ಳಿಗಾವಿ, ತಾಳಗುಂದ

ಮನೆಮಂದಿಯೆಲ್ಲ ಬೇಸಾಯದವರು, ಕೈಯಲ್ಲಿರುವುದು ಎರಡೇ ದಿನ, ಜೊತೆಗೆ ವಯಸ್ಸಾದ ಅಪ್ಪ-ಅಮ್ಮ. ಶಿವಮೊಗ್ಗ ಜಿಲ್ಲೆಯಲ್ಲಿ ಜೋಗ ಬಿಟ್ಟು ಹಳ್ಳಿ ಕಡೆಯ ಹಳೇ ಜಾಗ ಯಾವುದು ನೋಡಬಹುದು ಅಂತ ಕೇಳಿದ್ದೀರಿ. ನಮ್ಮದು ಹೊಸನಗರ ತಾಲೂಕು. ಅಡಿಕೆ ತೋಟ, ಸ್ವಲ್ಪ ಗದ್ದೆ, ಕೊಟ್ಟಿಗೆಯಲ್ಲಿ ನಾಲ್ಕು ಜಾನುವಾರು. ಹೋದ ಫೆಬ್ರವರಿಯಲ್ಲಿ ಅಡಿಕೆ ಕೆಲಸ ಮುಗಿದ ಮೇಲೆ ನಾವು ಐದು ಜನ ಇಂಥದೇ ಒಂದು ತಿರುಗಾಟ ಮಾಡಿ ಬಂದೆವು. ಅದನ್ನೇ ಹೇಳುತ್ತೇನೆ.

ಇಕ್ಕೇರಿಯಿಂದ ಶುರು ಮಾಡಿ. ಸಾಗರದಿಂದ ಹತ್ತಿರ. ಅಘೋರೇಶ್ವರ ದೇವಸ್ಥಾನದ ಕಲ್ಲುಕೆಲಸ ಎಲ್ಲರೂ ಹೊಗಳುತ್ತಾರೆ, ಹೊಗಳುವಂಥದೇ. ಆದರೆ ಕೃಷಿಕರು ನೋಡಲೇಬೇಕಾದದ್ದು ಒಳಗಿನ ನಡುಗಂಬಗಳ ನಡುವಿನ ಜಾಗ. ಇಕ್ಕೇರಿ ಅರಸರು ತೋಟದ ಜಮೀನು ಅಳೆಯಲು ಈ ಅಂತರವನ್ನೇ ಅಳತೆಗೋಲು ಮಾಡಿಕೊಂಡಿದ್ದರು. 18 ಅಡಿ 6 ಇಂಚು. ಇದಕ್ಕೆ ‘ದಾಯ’ ಎಂದು ಹೆಸರು, ಒಂದು ಮರಕ್ಕೆ ಒಂದು ದಾಯ. ಸಾವಿರ ದಾಯಕ್ಕೆ ಇಷ್ಟು ಎಂದು ಕಂದಾಯ.

ನಮ್ಮಪ್ಪ ಕಾರಿನಿಂದ ಇಳಿಯುವಾಗಲೇ "ನೀವು ನೋಡ್ಕಂಡು ಬನ್ನಿ, ನಾ ಇಲ್ಲೇ ಕೂರ್ತೀನಿ" ಅಂದವರು. ಈ ವಿಷಯ ಹೇಳಿದ್ದೇ ತಡ, ಎದ್ದು ಒಳಗೆ ಬಂದರು. ಬರಿಗಾಲಲ್ಲಿ ಒಂದು ಕಂಬಕ್ಕೆ ಹಿಮ್ಮಡಿ ತಾಗಿಸಿ ನಿಂತು ಎದುರಿನ ಕಂಬದವರೆಗೆ ಹೆಜ್ಜೆ ಹಾಕಿದರು. ಗದ್ದೆಯಲ್ಲಿ ಅಳೆಯುವ ಅದೇ ಉದ್ದನೆಯ ಹೆಜ್ಜೆ. ಆರು ಹೆಜ್ಜೆ, ಮೇಲೆ ಅರ್ಧ ಪಾದ. "ನಾವೀಗ ಒಂಬತ್ತಡಿಗೊಂದು ಗಿಡ ಇಡ್ತೀವಿ. ಇವರದ್ದು ಅದರ ಎರಡರಷ್ಟು ಆಯ್ತಲ" ಅಂದರು. ಆಮೇಲೆ ಕಂಬಕ್ಕೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತೇ ಇದ್ದರು. ಅಪ್ಪ ಒಂದು ದೇವಸ್ಥಾನದಲ್ಲಿ ಅಷ್ಟು ಹೊತ್ತು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಂದ ಕೆಳದಿ. ನೆಲ ಉಳುವಾಗ ನೇಗಿಲಿಗೆ ಸಿಕ್ಕ ನಿಧಿಯಿಂದ ಚೌಡ, ಭದ್ರ ಎಂಬ ಅಣ್ಣತಮ್ಮಂದಿರು ಏಳಿಗೆಗೆ ಬಂದರು ಎನ್ನುವುದು ಇಕ್ಕೇರಿಯನ್ನೂ ಆಳಿದ ಕೆಳದಿ ನಾಯಕರ ವಂಶದ ಐತಿಹ್ಯ. 1499ರಲ್ಲಿ ಶುರುವಾದ ಆಳ್ವಿಕೆ 1763ರಲ್ಲಿ ಹೈದರಾಲಿ ಬಿದನೂರು (ಈಗಿನ ನಗರ ಎಂಬ ಊರು) ಹಿಡಿಯುವವರೆಗೂ ನಡೆಯಿತು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ‘ಶಿಸ್ತು’ ನಮ್ಮಲ್ಲಿ ಹಿರಿಯರ ಬಾಯಲ್ಲಿ ಇನ್ನೂ ಇದೆ: ಮಣ್ಣಿನ ಗುಣ, ನೀರಿನ ಅನುಕೂಲ ನೋಡಿ ಭೂಮಿಯನ್ನು ಐದು ದರ್ಜೆ ಮಾಡಿ, ಎಷ್ಟು ಖಂಡುಗ ಬೀಜ ಬಿತ್ತಬಹುದು ಎಂಬ ಬೀಜವರಿ ಲೆಕ್ಕದಲ್ಲಿ ಕಂದಾಯ ಗೊತ್ತು ಮಾಡಿದ. ಬೆಳೆಯಲ್ಲಿ ಮೂರನೇ ಒಂದು ಪಾಲು. ಅದು ಹೆಚ್ಚೋ ಕಡಿಮೆಯೋ ಎಂದು ಅಪ್ಪನಿಗೂ ನನ್ನ ತಮ್ಮನಿಗೂ ಊಟದ ಹೊತ್ತಿಗೂ ವಾದ ಮುಗಿದಿರಲಿಲ್ಲ. ಕೆಳದಿಯಲ್ಲಿ ಚಾವಣಿಯ ಗಂಡಭೇರುಂಡ ಮರೆಯದೆ ನೋಡಿ.

ರಾತ್ರಿ ಸಾಗರದಲ್ಲಿ ನೆಂಟರ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಬೇಗ ಎದ್ದು ಶಿರಾಳಕೊಪ್ಪದ ಕಡೆ ಹೊರಟೆವು. ಬಳ್ಳಿಗಾವಿ, ತಾಳಗುಂದ ಎರಡೂ ಆ ಊರಿಗೆ ಹತ್ತಿರ.

ಬಳ್ಳಿಗಾವಿಯಲ್ಲಿ ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಸ್ಥಾನಗಳಿವೆ, 1047ರಲ್ಲಿ ನಿಲ್ಲಿಸಿದ ಭೇರುಂಡ ಕಂಬವಿದೆ. ಅಲ್ಲಮಪ್ರಭು ಹುಟ್ಟಿದ ಊರು. ಇಲ್ಲಿದ್ದ ಕೋಡಿಯ ಮಠದಲ್ಲಿ ಓದಿಗೆ ಬಂದವರ ಜೊತೆ ಬಡವರಿಗೆ, ಕುರುಡರಿಗೆ, ಕುಂಟರಿಗೆ ಊಟವೂ ಕಾಯಿಲೆಯವರಿಗೆ ಔಷಧವೂ ಸಿಗುತ್ತಿತ್ತು ಎಂದು 1162ರ ಶಾಸನ ಹೇಳುತ್ತದೆ. ಅಮ್ಮನಿಗೆ ಮನಸ್ಸಿಗೆ ತಟ್ಟಿದ್ದು ಇದು. ಕೇದಾರೇಶ್ವರದ ಜಗುಲಿಯಲ್ಲಿ ಕೂತು ಎರಡು ಸಲ ಕೇಳಿ ಹೇಳಿಸಿಕೊಂಡರು.

ತಾಳಗುಂದವನ್ನು ಕೊನೆಗೆ ಇಟ್ಟುಕೊಳ್ಳಿ. ಪ್ರಣವೇಶ್ವರ ಗುಡಿ ಚಿಕ್ಕದು, ದೂರದಿಂದ ಏನೂ ಅನ್ನಿಸುವುದಿಲ್ಲ. ಎದುರಿಗಿರುವ ಶಾಸನದ ಕಂಬದಲ್ಲೇ ಕದಂಬರ ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ಕತ್ತಿ ಹಿಡಿದದ್ದು ಎಲ್ಲ ಇದೆ. ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಕಾವ್ಯ ಅದು, ಐದನೇ ಶತಮಾನದ್ದು. ಇಷ್ಟೆಲ್ಲ ಕಥೆ ಕೆತ್ತಿಸಿದ್ದು ಅದೇ ವಂಶದ ಅರಸ ಕಾಕುಸ್ಥವರ್ಮ ಗುಡಿಗಾಗಿ ಕಟ್ಟಿಸಿದ ಒಂದು ಕೆರೆಯ ನೆನಪಿಗೆ! ಒಂದು ರಾಜವಂಶದ ಚರಿತ್ರೆ ನಮಗೆ ಉಳಿದದ್ದು ಕೆರೆಯ ದೆಸೆಯಿಂದ ಎಂದು ಗೊತ್ತಾದಾಗ ನನಗೆ ನಿಜವಾಗಿಯೂ ಮೈ ಜುಮ್ಮೆಂದಿತು. ಪ್ರತಿ ಬೇಸಿಗೆ ಕೆರೆ ಹೂಳೆತ್ತಿಸಲು ಓಡಾಡುವವರಿಗೆ ಅದು ಬೇರೆಯೇ ತರಹ ಕೇಳಿಸುತ್ತದೆ.

ಕವಲೇದುರ್ಗ ಈ ಸಲ ಬೇಡ. ಬೆಟ್ಟ ಹತ್ತಬೇಕು. ಹಿಂದೊಮ್ಮೆ ಅಮ್ಮನನ್ನು ಕರೆದುಕೊಂಡು ಹೋಗಿ ಅರ್ಧಕ್ಕೇ ಇಳಿಸಿಕೊಂಡು ಬಂದೆವು, ಮಂಡಿ ನೋವು ವಾರ ಇತ್ತು. ನಗರದ, ಅಂದರೆ ಹಳೇ ಬಿದನೂರಿನ, ಕೋಟೆಯನ್ನೂ ಇದಕ್ಕೇ ಸೇರಿಸಲು ಹೋಗಬೇಡಿ, ಯಾವುದನ್ನೂ ನೋಡಿದ ಹಾಗಾಗುವುದಿಲ್ಲ.

ಬುತ್ತಿ ಕಟ್ಟಿಕೊಂಡೇ ಹೋಗಿ. ನಾವು ಅಕ್ಕಿರೊಟ್ಟಿ, ಮಿಡಿ ಉಪ್ಪಿನಕಾಯಿ, ಒಂದು ಕ್ಯಾನ್ ಮಜ್ಜಿಗೆ ಒಯ್ದಿದ್ದೆವು. ಹಾಲು ಕರೆಯಲು ಪಕ್ಕದ ಮನೆಯವರಿಗೆ ಒಪ್ಪಿಸಿದ್ದೆವು. ಆದರೆ ಅವರನ್ನು ಒಂದು ದಿನ ಮೊದಲೇ ಕೊಟ್ಟಿಗೆಗೆ ಕರೆಸಿ, ಹಸು ಹೊಸ ಕೈಗೆ ಸೊರೆ ಬಿಡುತ್ತದೋ ಇಲ್ಲವೋ ನೋಡಿಕೊಳ್ಳಿ. ಮತ್ತೆ, ಕಾರಿನಲ್ಲಿ ಒಂದು ಅಳತೆ ಟೇಪು ಇರಲಿ. ಇಕ್ಕೇರಿಗೆ ಯಾಕೆ ತರಲಿಲ್ಲ ಎಂದು ನಮ್ಮಪ್ಪ ಇವತ್ತಿಗೂ ಕೇಳುತ್ತಾರೆ.